ಗುಂಗುರು ಕೂದಲ ಮಗಳಿಗೆ ತಲೆ ಬಾಚುವುದು: ತೊಳೆಯುವ ದಿನದಿಂದ ಮೊಗ್ಗಿನ ಜಡೆವರೆಗೆ

ಮಗಳ ತಲೆಯನ್ನು ನಾನು ಮೊದಲ ಸಲ ಸರಿಯಾಗಿ ಬಾಚಲು ಕೂತ ದಿನ ಬಾಚಣಿಗೆಯ ಮೂರು ಹಲ್ಲು ಮುರಿದವು. ಅವಳಿಗೆ ಆಗ ಮೂರು ವರ್ಷ. ಒಣ ಕೂದಲು. ಬುಡದಿಂದ ಕೆಳಕ್ಕೆ ಎಳೆದೆ. ಹಾಸನದಲ್ಲಿ ಅಮ್ಮ ನನಗೆ ಹಾಗೇ ಬಾಚುತ್ತಿದ್ದಳು, ಬೇರೆ ದಾರಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಪುಟ್ಟಿ ಅತ್ತೂ ಅತ್ತೂ ನಿದ್ದೆ ಹೋದಳು. ನಾನೂ ಅತ್ತುಬಿಟ್ಟೆ.

ಸಂಜೆ ನಮ್ಮತ್ತೆ ಬಂದರು. ನನ್ನವರು ಕಪ್ಪು ಅಮೆರಿಕನ್, ಅತ್ತೆ ಹುಟ್ಟಿದ್ದು ಸೌತ್ ಕೆರೊಲಿನಾದಲ್ಲಿ, ನಾವೆಲ್ಲ ಈಗ ಇರುವುದು ನ್ಯೂಜೆರ್ಸಿಯಲ್ಲಿ. ಮುರಿದ ಬಾಚಣಿಗೆ ನೋಡಿದರು, ಮಗುವಿನ ತಲೆ ನೋಡಿದರು. ಬೈಯಲಿಲ್ಲ. "ನೀರು ತಗೊಂಡು ಬಾ" ಅಂದರು ಅಷ್ಟೇ.

ಈಗ ಪುಟ್ಟಿಗೆ ಎಂಟು ವರ್ಷ. ಈ ಐದು ವರ್ಷದಲ್ಲಿ ಕಲಿತದ್ದನ್ನು ಬರೆದಿಡುತ್ತಿದ್ದೇನೆ. ನನ್ನ ಹಾಗೆ ಬೇರೆ ಥರದ ಕೂದಲಲ್ಲಿ ಬೆಳೆದು, ಈಗ ಗುಂಗುರು ಕೂದಲ ಮಗುವಿನ ತಾಯಿಯೋ ಅತ್ತೆಯೋ ಚಿಕ್ಕಮ್ಮನೋ ಟೀಚರೋ ಆಗಿರುವವರಿಗೆ ಇದು. ಕಪ್ಪು ಅಮ್ಮಂದಿರಿಗೆ ನಾನು ಹೇಳಿಕೊಡುವಂಥದ್ದೇನಿಲ್ಲ. ಇದೆಲ್ಲ ಅವರಿಂದಲೇ ಬಂದದ್ದು.

ಮೊದಲು ಕೂದಲನ್ನು ಅರ್ಥ ಮಾಡಿಕೊಳ್ಳಿ

ನಮ್ಮ ನೆಟ್ಟನೆಯ ಕೂದಲಿನ ಎಳೆಯನ್ನು ಅಡ್ಡಕ್ಕೆ ಕತ್ತರಿಸಿ ನೋಡಿದರೆ ಹೆಚ್ಚುಕಮ್ಮಿ ದುಂಡಗಿರುತ್ತದೆ. ಆಫ್ರಿಕನ್ ಮೂಲದ ಕೂದಲಿನ ಎಳೆ ಚಪ್ಪಟೆ, ಮೊಟ್ಟೆಯಾಕಾರ. ಅದು ಹುಟ್ಟುವಾಗಲೇ ಸುರುಳಿ ಸುತ್ತಿಕೊಂಡು ಬರುತ್ತದೆ. ನೆತ್ತಿಯಲ್ಲಿ ಒಸರುವ ಎಣ್ಣೆ ನಮ್ಮ ಕೂದಲಲ್ಲಿ ಸಲೀಸಾಗಿ ತುದಿಯವರೆಗೆ ಇಳಿಯುತ್ತದೆ. ಸುರುಳಿಯಲ್ಲಿ ಇಳಿಯುವುದಿಲ್ಲ. ಹಾಗಾಗಿ ಬುಡದಲ್ಲಿ ಎಣ್ಣೆ ಇದ್ದರೂ ತುದಿ ಒಣಗಿರುತ್ತದೆ. ಜೊತೆಗೆ, ಸುರುಳಿ ತಿರುಗುವ ಒಂದೊಂದು ಜಾಗದಲ್ಲೂ ಎಳೆ ಸ್ವಲ್ಪ ದುರ್ಬಲ. ನೋಡಲು ಗಟ್ಟಿ ಕಾಣುವ ಈ ಕೂದಲು ಎಲ್ಲಕ್ಕಿಂತ ನಾಜೂಕು. ನನಗೆ ಇದು ಗೊತ್ತಾದದ್ದು ಬಾಚಣಿಗೆ ಮುರಿದ ಮೇಲೆ.

ಇನ್ನೊಂದು ವಿಷಯ: ಕುಗ್ಗುವಿಕೆ. ಪುಟ್ಟಿಯ ಕೂದಲು ಒದ್ದೆಯಿದ್ದಾಗ ಎಳೆದರೆ ಭುಜ ದಾಟುತ್ತದೆ. ಒಣಗಿದರೆ ಕಿವಿ ಹತ್ತಿರ ನಿಲ್ಲುತ್ತದೆ. ಅರ್ಧಕ್ಕಿಂತ ಜಾಸ್ತಿ ಉದ್ದ ಸುರುಳಿಯೊಳಗೇ ಅಡಗಿರುತ್ತದೆ. "ಅವಳಿಗೆ ಕೂದಲೇ ಬೆಳೀತಿಲ್ವಲ್ಲ" ಅಂತ ಊರಿಂದ ಫೋನಿನಲ್ಲಿ ಕೇಳುವವರಿಗೆ ಒಂದೆಳೆ ಎಳೆದು ತೋರಿಸಿ ಸುಮ್ಮನಾಗಿಸಿದ್ದೇನೆ.

ಅಂಗಡಿಗೆ ಹೋದರೆ 3ಸಿ, 4ಎ, 4ಬಿ, 4ಸಿ ಅಂತ ಬರೆದಿರುತ್ತದೆ. ಅಮೆರಿಕದ ಟಿವಿ ನಿರೂಪಕಿ ಓಪ್ರಾ ವಿನ್‌ಫ್ರೀ ಅವರ ಕೇಶ ವಿನ್ಯಾಸಕ ಆಂಡ್ರೆ ವಾಕರ್ 1990ರ ದಶಕದಲ್ಲಿ ಶುರು ಮಾಡಿದ ಲೆಕ್ಕ ಅದು. 1 ಅಂದರೆ ನೆಟ್ಟಗೆ, 4 ಅಂದರೆ ಬಿಗಿ ಸುರುಳಿ. ಡಬ್ಬಿ ಆರಿಸಲು ಸ್ವಲ್ಪ ಉಪಯೋಗ, ಅಷ್ಟೇ. ಒಂದೇ ತಲೆಯಲ್ಲಿ ಮೂರು ಥರ ಇರುತ್ತದೆ. ಪುಟ್ಟಿಯ ಮುಂದಲೆ ಮೆತ್ತಗೆ, ಕುತ್ತಿಗೆ ಮೇಲಿನ ಕೂದಲು ಬಿಗಿ ಸುರುಳಿ. ಕುತ್ತಿಗೆಯ ಆ ಜಾಗಕ್ಕೆ ಅತ್ತೆಯವರ ಕಡೆ "ಕಿಚನ್" ಅನ್ನುತ್ತಾರೆ. ಅಲ್ಲಿ ಸಿಕ್ಕು ಜಾಸ್ತಿ, ನೋವೂ ಜಾಸ್ತಿ. ನಾನು ಯಾವಾಗಲೂ ಅಲ್ಲಿಂದಲೇ ಶುರು ಮಾಡುತ್ತೇನೆ, ಮಗುವಿನ ತಾಳ್ಮೆ ಇನ್ನೂ ಮುಗಿದಿರದ ಹೊತ್ತಿನಲ್ಲಿ.

ಏನೇನು ಬೇಕು

ದೊಡ್ಡ ಪಟ್ಟಿ ಬೇಡ. ನಾನು ಮೊದಲ ವರ್ಷ ಹದಿನೆಂಟು ಡಬ್ಬಿ ಕೊಂಡು ಹದಿಮೂರನ್ನು ಎಸೆದಿದ್ದೇನೆ. ಅಗಲ ಹಲ್ಲಿನ ಬಾಚಣಿಗೆ ಒಂದು. ನೀರು ಚಿಮ್ಮಿಸುವ ಬಾಟಲಿ. ಆರೆಂಟು ಕ್ಲಿಪ್ಪು. ಸಲ್ಫೇಟ್ ಇಲ್ಲದ ಶಾಂಪೂ. ಕಂಡೀಷನರ್ ದೊಡ್ಡ ಬಾಟಲಿ, ಯಾಕೆಂದರೆ ಅದು ಖಾಲಿಯಾಗುತ್ತಲೇ ಇರುತ್ತದೆ. ತೊಳೆಯದೆ ಹಾಗೇ ಬಿಡುವ ಲೀವ್-ಇನ್ ಕಂಡೀಷನರ್ ಒಂದು. ಒಂದು ಎಣ್ಣೆ. ಒಂದು ಗಟ್ಟಿ ಕ್ರೀಮ್ ಅಥವಾ ಶಿಯಾ ಬೆಣ್ಣೆ. ಇದು ಪಶ್ಚಿಮ ಆಫ್ರಿಕಾದ ಶಿಯಾ ಮರದ ಬೀಜದಿಂದ ತೆಗೆಯುವ ಕೊಬ್ಬು, ಅಂಗೈಯಲ್ಲಿ ತಿಕ್ಕಿದರೆ ಕರಗುತ್ತದೆ. ಹಳೆಯ ಬನಿಯನ್ನು ಅಥವಾ ಟೀ ಶರ್ಟು. ಸ್ಯಾಟಿನ್ ಟೊಪ್ಪಿ.

ನಮ್ಮೂರ ಸಾಮಾನಿನಲ್ಲಿ ಯಾವುದು ಆಗುತ್ತದೆ, ಯಾವುದು ಆಗಲ್ಲ ಅಂತ ಅಮ್ಮ ಕೇಳುತ್ತಲೇ ಇರುತ್ತಾಳೆ. ಕೊಬ್ಬರಿ ಎಣ್ಣೆ ಆಗುತ್ತದೆ. ಅದು ಎಳೆಯ ಒಳಕ್ಕೆ ಇಳಿಯುವ ಕೆಲವೇ ಎಣ್ಣೆಗಳಲ್ಲಿ ಒಂದು, ತೊಳೆಯುವ ಮೊದಲು ಹಚ್ಚಿದರೆ ಕೂದಲು ಸವೆಯುವುದು ಕಡಿಮೆ. ದಾಸವಾಳದ ಎಲೆ, ಮತ್ತಿ ಸೊಪ್ಪು ಇವುಗಳ ಲೋಳೆ ತುಂಬ ಒಳ್ಳೆಯದು, ಸಿಕ್ಕು ಜಾರಿಕೊಂಡು ಬಿಡುತ್ತದೆ. ಆದರೆ ಚೆನ್ನಾಗಿ ಸೋಸಬೇಕು. ಸೀಗೆಪುಡಿ ಮಾತ್ರ ಬೇಡ. ಅದು ಎಣ್ಣೆಯನ್ನೆಲ್ಲ ತೆಗೆದು ಕೂದಲನ್ನು ಒಣಗಿಸುತ್ತದೆ, ಪುಡಿ ಸುರುಳಿಯೊಳಗೆ ಸಿಕ್ಕಿಕೊಂಡರೆ ಎರಡು ದಿನ ಉದುರುತ್ತಿರುತ್ತದೆ. ಮತ್ತಿ ಸೊಪ್ಪು ನ್ಯೂಜೆರ್ಸಿಯಲ್ಲಿ ಎಲ್ಲಿಂದ ಬರಬೇಕು? ನಾನು ಅಗಸೆ ಬೀಜ ಬಳಸುತ್ತೇನೆ. ಕಾಲು ಕಪ್ ಬೀಜಕ್ಕೆ ಎರಡು ಕಪ್ ನೀರು, ಏಳೆಂಟು ನಿಮಿಷ ಕುದಿಸಿ, ಮೊಟ್ಟೆಯ ಬಿಳಿಯ ಹಾಗೆ ಲೋಳೆ ಬಂದ ಕೂಡಲೇ ಬಿಸಿಯಲ್ಲೇ ಬಟ್ಟೆಯಲ್ಲಿ ಸೋಸಿ. ಆರಿದ ಮೇಲೆ ಸೋಸಲು ಆಗುವುದೇ ಇಲ್ಲ, ಪ್ರಯತ್ನಪಟ್ಟು ನೋಡಿದ್ದೇನೆ. ಫ್ರಿಜ್ಜಿನಲ್ಲಿ ಒಂದು ವಾರ ಇರುತ್ತದೆ.

ತೊಳೆಯುವ ದಿನ

ಇಲ್ಲಿ ಇದಕ್ಕೆ "ವಾಶ್ ಡೇ" ಅನ್ನುತ್ತಾರೆ. ದಿನ ಅನ್ನುವುದು ಸುಮ್ನೆ ಮಾತಲ್ಲ. ನನಗೆ ಮೊದಲು ನಾಲ್ಕು ಗಂಟೆ ಹಿಡಿಯುತ್ತಿತ್ತು, ಈಗ ಎರಡು. ವಾರಕ್ಕೊಮ್ಮೆ ಅಥವಾ ಎರಡು ವಾರಕ್ಕೊಮ್ಮೆ ಸಾಕು. ದಿನಾ ತೊಳೆದರೆ ಇರುವ ಎಣ್ಣೆಯೂ ಹೋಗುತ್ತದೆ. ತಿಂಗಳುಗಟ್ಟಲೆ ಬಿಟ್ಟರೆ ನೆತ್ತಿ ಕೆಡುತ್ತದೆ.

ಮಗುವಿಗೆ ಮೊದಲು ಊಟ ಹಾಕಿ. ಹಸಿದ ಮಗುವಿನ ತಲೆಗೆ ಕೈ ಹಾಕಬಾರದು. ಇದು ಅತ್ತೆಯ ಮೊದಲ ಪಾಠ.

ಹಳೆಯ ಜಡೆ ಬಿಚ್ಚಿ. ರಬ್ಬರ್ ಬ್ಯಾಂಡು ಎಳೆಯಬೇಡಿ, ಚಿಕ್ಕ ಕತ್ತರಿಯಿಂದ ಕತ್ತರಿಸಿ. ಬಿಚ್ಚಿದಾಗ ಕೈಗೆ ಒಂದು ಉಂಡೆ ಕೂದಲು ಬರುತ್ತದೆ. ಹೆದರಬೇಡಿ. ಎಲ್ಲರ ತಲೆಯಿಂದಲೂ ದಿನಕ್ಕೆ 50ರಿಂದ 100 ಎಳೆ ಉದುರುತ್ತವೆ. ಜಡೆಯಲ್ಲಿದ್ದ ಎರಡು ವಾರದ ಉದುರಿದ ಕೂದಲು ಹೊರಗೆ ಬೀಳಲಾಗದೆ ಒಳಗೇ ಉಳಿದಿರುತ್ತದೆ. ಅದನ್ನು ತೊಳೆಯುವ ಮೊದಲೇ ಬೆರಳಿನಿಂದ ಬಿಡಿಸಿ ತೆಗೆಯಬೇಕು. ನೀರು ಬಿದ್ದ ಮೇಲೆ ಅದೇ ಗಂಟಾಗುತ್ತದೆ.

ಬೈತಲೆ ತೆಗೆದು ತಲೆಯನ್ನು ನಾಲ್ಕು ಭಾಗ ಮಾಡಿ. ದಟ್ಟ ಕೂದಲಾದರೆ ಆರು, ಎಂಟು. ಒಂದೊಂದನ್ನೂ ಸಡಿಲವಾಗಿ ತಿರುಚಿ ಕ್ಲಿಪ್ಪು ಹಾಕಿ. ಇನ್ನು ಕೊನೆಯವರೆಗೆ ಒಂದು ಸಲಕ್ಕೆ ಒಂದೇ ಭಾಗ. ಇಡೀ ತಲೆಯನ್ನು ಒಟ್ಟಿಗೆ ಗೆಲ್ಲಲು ಹೋದರೆ ನೀವೇ ಸೋಲುತ್ತೀರಿ.

ಕೊಬ್ಬರಿ ಎಣ್ಣೆಯನ್ನು ಉದ್ದಕ್ಕೂ, ಮುಖ್ಯವಾಗಿ ತುದಿಗೆ ಹಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಉಗುರುಬೆಚ್ಚಗಿನ ನೀರು. ಶಾಂಪೂವನ್ನು ನೀರಲ್ಲಿ ತೆಳು ಮಾಡಿ, ಮೂತಿ ಇರುವ ಬಾಟಲಿಯಲ್ಲಿ ತುಂಬಿ, ಬೈತಲೆಗಳ ಮೇಲೆ, ಅಂದರೆ ನೆತ್ತಿಯ ಚರ್ಮಕ್ಕೆ ಮಾತ್ರ ಬಿಡಿ. ಬೆರಳ ತುದಿಯಿಂದ ಉಜ್ಜಿ, ಉಗುರು ತಾಗಬಾರದು. ಕೆಳಗಿನ ಕೂದಲಿಗೆ ಇಳಿದು ಹೋಗುವ ನೊರೆಯೇ ಸಾಕು. ನಮ್ಮಲ್ಲಿ ಮಾಡುವ ಹಾಗೆ ಕೂದಲನ್ನೆಲ್ಲ ನೆತ್ತಿಗೆ ಗುಡ್ಡೆ ಹಾಕಿ ಉಜ್ಜಿದರೆ ಮುಗಿಯಿತು, ಆ ಸಿಕ್ಕು ಬಿಡಿಸಲು ಇನ್ನೊಂದು ಭಾನುವಾರ ಬೇಕು.

ಈಗ ಕಂಡೀಷನರ್. ಜಿಪುಣತನ ಬೇಡ. ಕೂದಲು ಕೈಯಲ್ಲಿ ಲೋಳೆಮೀನಿನ ಹಾಗೆ ಜಾರಬೇಕು. ಮೊದಲು ಬೆರಳು, ಆಮೇಲೆ ಬಾಚಣಿಗೆ. ತುದಿಯಿಂದ ಎರಡು ಅಂಗುಲ ಬಾಚಿ. ಅದು ಸಲೀಸಾದ ಮೇಲೆ ಇನ್ನೆರಡು ಅಂಗುಲ ಮೇಲೆ. ಹೀಗೆ ಹತ್ತುತ್ತಾ ಬುಡಕ್ಕೆ ಬನ್ನಿ. ಇನ್ನೊಂದು ಕೈ ಸುಮ್ಮನಿರಬಾರದು: ಬಾಚಣಿಗೆ ಇರುವ ಜಾಗಕ್ಕಿಂತ ಸ್ವಲ್ಪ ಮೇಲೆ ಕೂದಲನ್ನು ಗಟ್ಟಿಯಾಗಿ ಹಿಡಿದಿರಬೇಕು. ಎಳೆತ ಆ ಮುಷ್ಟಿಗೆ ಬರುತ್ತದೆ, ನೆತ್ತಿಗೆ ಹೋಗುವುದಿಲ್ಲ. ಪುಟ್ಟಿಯ ಅಳು ನಿಂತದ್ದು ಈ ಒಂದು ಹಿಡಿತದಿಂದ. ಬೇರೆ ಎಲ್ಲ ಮರೆತರೂ ಇದನ್ನು ಮರೆಯಬೇಡಿ.

ಬಿಡಿಸಿದ ಭಾಗವನ್ನು ತಕ್ಷಣ ತಿರುಚಿ ಪಕ್ಕಕ್ಕಿಡಿ. ಎಲ್ಲ ಮುಗಿದ ಮೇಲೆ ತಿರುಚಿದ ಹಾಗೇ ನೀರು ಬಿಟ್ಟು ತೊಳೆಯಿರಿ. ಒರಸಲು ಟವೆಲ್ ಬೇಡ, ಅದರ ದಾರದ ಕುಣಿಕೆಗಳು ಸುರುಳಿಗೆ ಸಿಕ್ಕಿಕೊಳ್ಳುತ್ತವೆ. ಬನಿಯನ್ ಬಟ್ಟೆಯಲ್ಲಿ ಹಿಂಡಿ. ತಿಕ್ಕಬೇಡಿ.

ಕೂದಲು ಇನ್ನೂ ಹಸಿಯಿರುವಾಗಲೇ ಮೂರು ಪದರ: ಮೊದಲು ಲೀವ್-ಇನ್, ಅದರ ಮೇಲೆ ನಾಲ್ಕು ಹನಿ ಎಣ್ಣೆ, ಅದರ ಮೇಲೆ ಕ್ರೀಮ್. ನೀರೇ ನಿಜವಾದ ತೇವ. ಎಣ್ಣೆ, ಕ್ರೀಮ್ ಅದಕ್ಕೆ ಮುಚ್ಚಳ. ಒಣ ಕೂದಲಿಗೆ ಎಣ್ಣೆ ಸುರಿದರೆ ಖಾಲಿ ಪಾತ್ರೆಗೆ ಮುಚ್ಚಳ ಹಾಕಿದ ಹಾಗೆ. ಇದನ್ನು ಅಮ್ಮನಿಗೆ ಒಪ್ಪಿಸಲು ನನಗೆ ಎರಡು ವರ್ಷ ಬೇಕಾಯಿತು.

ಜಡೆ, ಮತ್ತು ಬಿಗಿಯ ಪ್ರಶ್ನೆ

ಅತಿ ಸುಲಭವಾದದ್ದು ಎರಡೆಳೆ ತಿರುಚು, ಅಂದರೆ ಟ್ವಿಸ್ಟ್. ಒಂದು ಭಾಗವನ್ನು ಎರಡು ಮಾಡಿ, ಹಗ್ಗ ಹೊಸೆದ ಹಾಗೆ ಒಂದರ ಮೇಲೊಂದು ಸುತ್ತುವುದು. ತುದಿ ತಾನೇ ಸುರುಳಿಯಾಗಿ ನಿಲ್ಲುತ್ತದೆ. ಒಂದರಿಂದ ಎರಡು ವಾರ ಇರುತ್ತದೆ. ಮೂರೆಳೆ ಜಡೆ ನಮಗೆ ಗೊತ್ತಿರುವುದೇ, ತಲೆಯನ್ನು ಚೌಕಚೌಕವಾಗಿ ಭಾಗ ಮಾಡಿ ಹಾಕಿದರೆ ಅದು ಬಾಕ್ಸ್ ಬ್ರೇಡ್. ನೆತ್ತಿಗೆ ಅಂಟಿಕೊಂಡು, ಪಕ್ಕದ ಕೂದಲನ್ನು ಸೇರಿಸಿಕೊಳ್ಳುತ್ತಾ ಸಾಲಾಗಿ ಹೋಗುವುದು ಕಾರ್ನ್‌ರೋ, ಜೋಳದ ಸಾಲು. ಇದು ಕಲಿಯಲು ಕೈ ಪಳಗಬೇಕು. ನನಗೆ ಒಂದೂವರೆ ವರ್ಷ ಹಿಡಿಯಿತು, ಈಗಲೂ ನನ್ನ ಸಾಲು ಸ್ವಲ್ಪ ಸೊಟ್ಟ. ದೊಡ್ಡ ಹಬ್ಬಕ್ಕೆ ನಾವು ಸೆನೆಗಲ್‌ನಿಂದ ಬಂದ ಒಬ್ಬ ಅಕ್ಕನ ಅಂಗಡಿಗೆ ಹೋಗುತ್ತೇವೆ. ಅವರ ಬೆರಳು ಹೂ ಕಟ್ಟುವವರ ಬೆರಳಿನ ಹಾಗೆ ಓಡುತ್ತದೆ.

ಇನ್ನು ಬಿಗಿ. ನಮ್ಮಲ್ಲೂ "ಬಿಗಿಯಾಗಿ ಹಾಕಿದರೆ ಕೂದಲು ಬೆಳೆಯುತ್ತೆ" ಅನ್ನುತ್ತಾರೆ, ಅತ್ತೆಯ ಕಡೆಯೂ ಹಳಬರು ಅದನ್ನೇ ಹೇಳುತ್ತಾರೆ. ಎರಡು ಖಂಡದ ಅಜ್ಜಿಯರು ಸೇರಿ ಹೇಳಿದರೂ ಅದು ತಪ್ಪು. ಸತತ ಎಳೆತದಿಂದ ಹಣೆಯಂಚಿನ, ಕಿವಿ ಪಕ್ಕದ ಕೂದಲು ಉದುರಿ, ವರ್ಷಗಟ್ಟಲೆ ಹಾಗೇ ನಡೆದರೆ ಬುಡವೇ ಸತ್ತು ಮತ್ತೆ ಹುಟ್ಟುವುದಿಲ್ಲ. ವೈದ್ಯರು ಇದಕ್ಕೆ ಟ್ರ್ಯಾಕ್ಷನ್ ಅಲೋಪೇಶಿಯಾ ಅನ್ನುತ್ತಾರೆ. ಜಡೆ ಹಾಕಿ ಮುಗಿದ ಮೇಲೆ ಮಗುವಿಗೆ ಹುಬ್ಬು ಹಾರಿಸಲು ಹೇಳಿ. ಹಣೆ ಎಳೆದಂತಾದರೆ ಬಿಚ್ಚಿ. ಬುಡದಲ್ಲಿ ಸಣ್ಣ ಗುಳ್ಳೆ ಎದ್ದರೆ ಬಿಚ್ಚಿ. ರಾತ್ರಿ ತಲೆನೋವು ಅಂದರೆ, ಮೂರು ಗಂಟೆ ಕೂತು ಹಾಕಿದ್ದಾದರೂ ಸರಿ, ಬಿಚ್ಚಿ.

ಚೌರಿ ಸೇರಿಸಿ ಹಾಕುವ ಉದ್ದ ಜಡೆ ಭಾರ. ನಮ್ಮ ಮನೆಯಲ್ಲಿ ಎಂಟು ವರ್ಷ ತುಂಬುವವರೆಗೆ ಚೌರಿ ಇಲ್ಲ ಅಂತ ಅತ್ತೆ ಕಟ್ಟು ಮಾಡಿದ್ದರು, ನಾನು ಅದಕ್ಕೆ ಬದ್ಧಳಾಗಿದ್ದೆ. ಹಾಕಿಸಿದರೂ ನಾಲ್ಕು ವಾರಕ್ಕೆ ಬಿಚ್ಚಿಸಿ. ಪ್ಲಾಸ್ಟಿಕ್ ನೂಲಿನ ಚೌರಿ ಕೆಲವರಿಗೆ ತುರಿಕೆ ತರುತ್ತದೆ. ವಿನೆಗರ್ ಬೆರೆಸಿದ ನೀರಲ್ಲಿ ನೆನೆಸಿ, ತೊಳೆದು ಒಣಗಿಸಿ ಬಳಸುವುದು ಇಲ್ಲಿನ ರೂಢಿ. ಅಸಲಿ ಕೂದಲಿನ ಚೌರಿಯೂ ಇದೆ. ಬ್ಯೂಟಿ ಸಪ್ಲೈ ಅಂಗಡಿಯಲ್ಲಿ "ಇಂಡಿಯನ್ ಹೇರ್" ಅಂತ ಗೋಡೆ ತುಂಬ ತೂಗುಹಾಕಿರುವುದನ್ನು ನೋಡಿ ನಾನು ಒಂದು ಕ್ಷಣ ನಿಂತುಬಿಟ್ಟಿದ್ದೆ. ತಿರುಪತಿಯಲ್ಲಿ ಭಕ್ತರು ಕೊಟ್ಟ ಮುಡಿ ಹರಾಜಾಗಿ ಹೊರದೇಶಕ್ಕೆ ಹೋಗುತ್ತದೆ ಅಂತ ಗೊತ್ತಿತ್ತು. ನಮ್ಮಜ್ಜಿಯೂ ಅಲ್ಲಿ ಮುಡಿ ಕೊಟ್ಟವಳೇ.

ಮಣಿ ಹಾಕುವುದು ಪುಟ್ಟಿಗೆ ಪ್ರಾಣ. ನಡೆದರೆ ಚಟಪಟ ಸದ್ದು. ಮಣಿ ಪೋಣಿಸಿದ ಮೇಲೆ ತುದಿಯನ್ನು ಹಿಂದಕ್ಕೆ ಮಡಚಿ ಚಿಕ್ಕ ರಬ್ಬರ್ ಬ್ಯಾಂಡು ಸುತ್ತಬೇಕು, ಇಲ್ಲದಿದ್ದರೆ ಜಾರುತ್ತವೆ. 1999ರ ಆಸ್ಟ್ರೇಲಿಯನ್ ಓಪನ್‌ನಲ್ಲಿ ಟೆನಿಸ್ ಆಟಗಾರ್ತಿ ವೀನಸ್ ವಿಲಿಯಮ್ಸ್ ಅವರ ಜಡೆಯ ಮಣಿಗಳು ಅಂಕಣದಲ್ಲಿ ಚೆಲ್ಲಿ, ಅಂಪೈರ್ ಒಂದು ಪಾಯಿಂಟ್ ಕಳೆದಿದ್ದರು. ಅತ್ತೆಗೆ ಆ ಅಂಪೈರ್ ಮೇಲೆ ಇನ್ನೂ ಸಿಟ್ಟು.

ರಾತ್ರಿ, ಈಜು, ಶಾಲೆ

ಹತ್ತಿ ದಿಂಬು ಕೂದಲ ತೇವ ಹೀರುತ್ತದೆ, ಎಳೆಯನ್ನು ತಿಕ್ಕಿ ಹರಿಯುತ್ತದೆ. ಹಾಗಾಗಿ ಸ್ಯಾಟಿನ್ ಅಥವಾ ರೇಷ್ಮೆ ಟೊಪ್ಪಿ. ಮಕ್ಕಳ ತಲೆಯಿಂದ ಟೊಪ್ಪಿ ಮಧ್ಯರಾತ್ರಿ ಕಳಚಿ ಬೀಳುವುದು ಖಾತ್ರಿ, ಆದ್ದರಿಂದ ದಿಂಬಿನ ಚೀಲವೂ ಅದೇ ಬಟ್ಟೆಯದಿರಲಿ. ಅಮ್ಮ ತನ್ನ ಹಳೆಯ ಮೈಸೂರು ರೇಷ್ಮೆ ಸೀರೆಯ ಜರಿ ಇಲ್ಲದ ಒಡಲನ್ನು ಕತ್ತರಿಸಿ ಎರಡು ಚೀಲ ಹೊಲಿದು ಕಳಿಸಿದಳು. ಜರಿಯಂಚು ಸೇರಿಸಬೇಡಿ, ಕೂದಲು ಸಿಕ್ಕಿಕೊಳ್ಳುತ್ತದೆ.

ಈಜುಕೊಳಕ್ಕೆ ಹೋಗುವ ಮೊದಲು ಶುದ್ಧ ನೀರಿನಲ್ಲಿ ತಲೆ ಪೂರ್ತಿ ಒದ್ದೆ ಮಾಡಿ ಕಂಡೀಷನರ್ ಬಳಿಯಿರಿ. ಮೊದಲೇ ನೀರು ಕುಡಿದ ಕೂದಲು ಕ್ಲೋರಿನ್ ನೀರನ್ನು ಕಡಿಮೆ ಕುಡಿಯುತ್ತದೆ. ದೊಡ್ಡ ಗಾತ್ರದ ಟೊಪ್ಪಿ ಬೇಕು. ಇಂಥ ಟೊಪ್ಪಿ ತಯಾರಿಸುವ ಸೋಲ್ ಕ್ಯಾಪ್ ಕಂಪನಿಗೆ ಟೋಕಿಯೋ ಒಲಿಂಪಿಕ್ಸ್‌ಗೆ ಮುಂಚೆ ಅಂತರರಾಷ್ಟ್ರೀಯ ಈಜು ಸಂಸ್ಥೆ ಅನುಮತಿ ಕೊಡಲಿಲ್ಲ. ಭಾರೀ ಗಲಾಟೆಯಾಗಿ 2022ರಲ್ಲಿ ಕೊಟ್ಟಿತು. ತಲೆಗೆ ಹೊಂದುವ ಟೊಪ್ಪಿಗೂ ಜಗಳ ಆಡಬೇಕು ನೋಡಿ.

ಶಾಲೆಯ ವಿಷಯಕ್ಕೆ ಬಂದರೆ, ಮೊದಲು ನಿಮ್ಮ ರಾಜ್ಯದ ಕಾನೂನು ನೋಡಿಕೊಳ್ಳಿ. ಜಡೆ, ಜಟೆ, ಹರಡಿದ ಗುಂಗುರು ಕೂದಲು ಇವುಗಳ ಕಾರಣಕ್ಕೆ ಶಾಲೆಯಲ್ಲಿ, ಕೆಲಸದಲ್ಲಿ ತಾರತಮ್ಯ ಮಾಡಬಾರದು ಅನ್ನುವ ಕ್ರೌನ್ ಆಕ್ಟ್ 2019ರಲ್ಲಿ ಮೊದಲು ಬಂದದ್ದು ಕ್ಯಾಲಿಫೋರ್ನಿಯಾದಲ್ಲಿ. ನ್ಯೂಜೆರ್ಸಿಯಲ್ಲಿ ಅದೇ ವರ್ಷ ಡಿಸೆಂಬರ್‌ನಲ್ಲಿ ಬಂತು. ಅದಕ್ಕೆ ಸರಿಯಾಗಿ ಒಂದು ವರ್ಷದ ಹಿಂದೆ ಇಲ್ಲಿನ ಹೈಸ್ಕೂಲ್ ಹುಡುಗನೊಬ್ಬನ ಜಟೆಯನ್ನು ಕುಸ್ತಿ ಪಂದ್ಯಕ್ಕೆ ಮುಂಚೆ, ಎಲ್ಲರೆದುರು, ರೆಫರಿಯ ಮಾತಿಗೆ ಕಟ್ಟುಬಿದ್ದು ಕತ್ತರಿಸಿದ್ದರು. ಇಡೀ ದೇಶಕ್ಕೆ ಅನ್ವಯಿಸುವ ಮಸೂದೆ 2022ರಲ್ಲಿ ಕೆಳಮನೆ ದಾಟಿತು, ಸೆನೆಟ್ ದಾಟಲಿಲ್ಲ.

ಪುಟ್ಟಿಯ ಹಳೆಯ ಶಾಲೆಯಲ್ಲಿ ಫೋಟೋ ದಿನ ಒಬ್ಬರು ಅವಳ ಹರಡಿದ ಕೂದಲನ್ನು ನೋಡಿ "ಇದನ್ನು ಸ್ವಲ್ಪ ಅಚ್ಚುಕಟ್ಟು ಮಾಡೋಣ" ಅಂತ ನೀರು ಹಚ್ಚಿ ಒತ್ತಿ ಕಟ್ಟಿದ್ದರು. ಫೋಟೋದಲ್ಲಿ ಅವಳ ಮುಖ ನೋಡಿದರೆ ಇಂದಿಗೂ ಹೊಟ್ಟೆ ಉರಿಯುತ್ತದೆ. ಆಮೇಲಿಂದ ವರ್ಷದ ಶುರುವಿನಲ್ಲೇ ಟೀಚರಿಗೆ ಎರಡು ಸಾಲು ಬರೆದು ಕೊಡುತ್ತೇನೆ: ಅವಳ ಕೂದಲು ಹೀಗೇ ಇರುತ್ತದೆ, ದಯವಿಟ್ಟು ಯಾರೂ ಮುಟ್ಟಬೇಡಿ.

ನೆಟ್ಟಗೆ ಮಾಡಿಸಬೇಕಾ?

ನಮ್ಮತ್ತೆ ಬೆಳೆದದ್ದು ಕಾಯಿಸಿದ ಕಬ್ಬಿಣದ ಬಾಚಣಿಗೆಯ ಕಾಲದಲ್ಲಿ. ಶನಿವಾರ ರಾತ್ರಿ ಒಲೆಯ ಮೇಲೆ ಬಾಚಣಿಗೆ, ಕೂದಲಿಗೆ ಜಿಡ್ಡು, ಕಿವಿ ಮಡಚಿ ಹಿಡಿದು ಕೂರುವುದು, ಭಾನುವಾರ ಚರ್ಚಿಗೆ ನೆಟ್ಟನೆ ಕೂದಲು. ಅವರ ಕಿವಿಯ ಮೇಲೆ ಇನ್ನೂ ಕಲೆ ಇದೆ. ಆ ಬಾಚಣಿಗೆ ಕಂಡುಹಿಡಿದದ್ದು ಮೇಡಂ ಸಿ. ಜೆ. ವಾಕರ್ ಅಂತ ಬಹಳ ಜನ ಹೇಳುತ್ತಾರೆ. ಅಲ್ಲ. 1867ರಲ್ಲಿ ಲೂಸಿಯಾನಾದಲ್ಲಿ ಹುಟ್ಟಿದ ಆಕೆ ನೆತ್ತಿಗೆ ಹಚ್ಚುವ ಮುಲಾಮು ಮಾರಿ ದೊಡ್ಡ ವ್ಯಾಪಾರ ಕಟ್ಟಿದವರು.

ಬಾಚಣಿಗೆ ಆದ ಮೇಲೆ ಬಂದದ್ದು ರಿಲ್ಯಾಕ್ಸರ್ ಕ್ರೀಮು. ಅದರ ಹಳೆಯ ಬಗೆಯಲ್ಲಿ ಇರುವುದು ಸೋಡಿಯಂ ಹೈಡ್ರಾಕ್ಸೈಡ್, ಅಂದರೆ ನಾವು ಕಾಸ್ಟಿಕ್ ಸೋಡಾ ಅನ್ನುವುದು. ಕೂದಲೊಳಗಿನ ಬಂಧ ಮುರಿದು ಸುರುಳಿಯನ್ನು ಶಾಶ್ವತವಾಗಿ ನೆಟ್ಟಗೆ ಮಾಡುತ್ತದೆ, ನೆತ್ತಿ ಸುಡಲೂಬಹುದು. "ಮಕ್ಕಳಿಗೆ" ಅಂತ ಡಬ್ಬಿಯ ಮೇಲೆ ನಗುವ ಹುಡುಗಿಯ ಚಿತ್ರ ಹಾಕಿ ಮಾರುವ ಬಗೆಯಲ್ಲಿ ಸಾಮಾನ್ಯವಾಗಿ ಬೇರೆ ಕ್ಷಾರ ಇರುತ್ತದೆ, ಆದರೆ ಮಾಡುವ ಕೆಲಸ ಅದೇ. 2022ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಸಂಶೋಧಕರು ಸುಮಾರು 34 ಸಾವಿರ ಹೆಂಗಸರನ್ನು ಹನ್ನೊಂದು ವರ್ಷ ಗಮನಿಸಿದ ಲೆಕ್ಕ ಪ್ರಕಟಿಸಿದರು. ಕೂದಲು ನೆಟ್ಟಗೆ ಮಾಡುವ ರಾಸಾಯನಿಕ ಬಳಸದವರಲ್ಲಿ 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಅಂದಾಜು ಶೇ. 1.64. ಪದೇ ಪದೇ ಬಳಸುವವರಲ್ಲಿ ಶೇ. 4.05. ಕ್ರೀಮೇ ಕಾರಣ ಅಂತ ಇದರಿಂದ ಸಾಬೀತಾಗುವುದಿಲ್ಲ. ಆದರೆ ಎಂಟು ವರ್ಷದ ಮಗುವಿನ ತಲೆಗೆ ಅದನ್ನು ಹಚ್ಚದಿರಲು ನನಗೆ ಇಷ್ಟು ಸಾಕು. ದೊಡ್ಡವಳಾದ ಮೇಲೆ ಅವಳು ಬೇಕು ಅಂದರೆ ಅದು ಅವಳ ತಲೆ, ಅವಳ ತೀರ್ಮಾನ. ನೆಟ್ಟಗೆ ಮಾಡಿಸಿಕೊಂಡ ಹೆಂಗಸರನ್ನು ಹಂಗಿಸುವುದೂ ತಪ್ಪೇ. ಕೆಲಸ ಉಳಿಯಲಿ ಅಂತ ಮಾಡಿಸಿಕೊಂಡವರು ಎಷ್ಟೋ ಜನ.

ಕೈ ಕೂದಲಲ್ಲಿರುವಾಗ ಬಾಯಲ್ಲಿ ಏನಿರಬೇಕು

ನನಗೆ ಎಲ್ಲಕ್ಕಿಂತ ಕಷ್ಟವಾದದ್ದು ಇದು. ತಲೆ ಬಾಚುವಾಗ ಮಗು ನಮ್ಮ ಮಂಡಿಗಳ ನಡುವೆ ಕೂತಿರುತ್ತದೆ. ನಮ್ಮ ಉಸಿರು, ನಿಟ್ಟುಸಿರು, "ಅಯ್ಯೋ ದೇವ್ರೇ ಏನಿದು" ಎಲ್ಲ ನೇರ ಅದರ ಕಿವಿಗೆ. ಎರಡು ಗಂಟೆ, ಪ್ರತಿ ವಾರ. ಲೆಕ್ಕ ಹಾಕಿ.

ಅಚ್ಚುಕಟ್ಟು, ಪಳಗಿಸು, ಒರಟು, ಕೆದರಿದೆ, ಹಿಡಿತಕ್ಕೆ ಸಿಗಲ್ಲ. ಈ ಮಾತುಗಳನ್ನು ನಾನು ಬಿಟ್ಟೆ. ದಟ್ಟವಾಗಿದೆ, ಅರಳಿದೆ, ಇವತ್ತು ಬಾಯಾರಿದೆ ಅಂತೇನೆ. "ಒಳ್ಳೆ ಕೂದಲು" ಅನ್ನುವ ಮಾತನ್ನು ಅತ್ತೆ ತಮ್ಮ ಮನೆಯಲ್ಲಿ ಯಾರೂ ಆಡದಂತೆ ಮಾಡಿದ್ದಾರೆ. ಇಲ್ಲಿ ಅದಕ್ಕೆ ಅರ್ಥ ಬಿಳಿಯರ ಕೂದಲಿಗೆ ಹತ್ತಿರವಾದದ್ದು ಅಂತ. ಅದರ ಹಿಂದೆ ದೊಡ್ಡ ಚರಿತ್ರೆ ಇದೆ. 1786ರಲ್ಲಿ ಲೂಸಿಯಾನಾದ ಸ್ಪ್ಯಾನಿಷ್ ಗವರ್ನರ್ ಮಿರೋ, ಕಪ್ಪು ಹೆಂಗಸರು ತಲೆಗೂದಲ ಅಲಂಕಾರ ತೋರಿಸಬಾರದು, ಬಟ್ಟೆ ಕಟ್ಟಬೇಕು ಅಂತ ಆಜ್ಞೆ ಮಾಡಿದ. ಅವರು ಬಣ್ಣಬಣ್ಣದ ವಸ್ತ್ರವನ್ನು ಇನ್ನೂ ಚೆಂದವಾಗಿ ಸುತ್ತಿಕೊಂಡು ಓಡಾಡಿದರು. ಈ ಕತೆ ಪುಟ್ಟಿಗೆ ಅಚ್ಚುಮೆಚ್ಚು. 1940ರ ದಶಕದಲ್ಲಿ ಮನಃಶಾಸ್ತ್ರಜ್ಞ ದಂಪತಿ ಕೆನೆತ್ ಮತ್ತು ಮೇಮಿ ಕ್ಲಾರ್ಕ್ ಮೂರರಿಂದ ಏಳು ವರ್ಷದ ಕಪ್ಪು ಮಕ್ಕಳ ಮುಂದೆ ಬಿಳಿ ಗೊಂಬೆ, ಕಂದು ಗೊಂಬೆ ಇಟ್ಟು ಯಾವುದು ಚೆಂದ ಅಂತ ಕೇಳಿದರು. ಹೆಚ್ಚಿನವು ಬಿಳಿಯದನ್ನೇ ತೋರಿಸಿದವು. ಶಾಲೆಗಳಲ್ಲಿ ಬಣ್ಣಭೇದ ತಪ್ಪು ಎಂದ 1954ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಅವರ ಕೆಲಸದ ಉಲ್ಲೇಖ ಇದೆ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಗ್ಯಾಬಿ ಡಗ್ಲಸ್ ಜಿಮ್ನಾಸ್ಟಿಕ್ಸ್ ಚಿನ್ನ ಗೆದ್ದಾಗಲೂ ಜನ ಮಾತಾಡಿದ್ದು ಆ ಹುಡುಗಿಯ ಕೂದಲ ಬಗ್ಗೆ.

ಆದ್ದರಿಂದ ಗೊಂಬೆ ಕೊಳ್ಳುವಾಗ ಬಣ್ಣ ಮಾತ್ರ ನೋಡಬೇಡಿ, ಕೂದಲೂ ನೋಡಿ. ಕಂದು ಗೊಂಬೆಗೆ ಸೊಂಟದವರೆಗೆ ನೆಟ್ಟನೆ ಕೂದಲಿದ್ದರೆ ಅರ್ಧ ಕೆಲಸವೇ ಆದದ್ದು.

ನಮ್ಮವರೂ ಸುಮ್ಮನಿರುವುದಿಲ್ಲ, ಅಲ್ವಾ? ನಮ್ಮ ಜಾನಪದದಲ್ಲಿ, ಸಿನಿಮಾದಲ್ಲಿ ಚೆಲುವೆ ಅಂದರೆ ಹಾವಿನಂಥ ನೀಳ ಜಡೆ, ಬೆಳ್ಳನೆ ಮೈ. ಕನ್ನಡ ಕೂಟದಲ್ಲಿ ಒಬ್ಬ ಆಂಟಿ "ಯಾಕಮ್ಮಾ, ಮಗೂಗೆ ತಲೆ ಬಾಚಿಲ್ವಾ?" ಅಂದರು. ಅದನ್ನು ಬಾಚಲು ಆ ಬೆಳಗ್ಗೆ ಎರಡು ಗಂಟೆ ಹಿಡಿದಿತ್ತು. ಅಂಥ ಕಡೆ ಉತ್ತರ ಮಗುವಿನ ಎದುರಲ್ಲೇ ಕೊಡಬೇಕು, ಕಾರಿಗೆ ಬಂದ ಮೇಲೆ ಅಲ್ಲ. "ಬಾಚಿದೀನಿ ಆಂಟಿ, ಇದು ಅರಳಿರೋ ಕೂದಲು" ಅಂದೆ. ಮುಟ್ಟಲು ಬರುವ ಕೈಗಳಿಗೆ ಪುಟ್ಟಿ ತಾನೇ ಒಂದು ಮಾತು ಕಲಿತಿದ್ದಾಳೆ: "ನೋಡಿ, ಮುಟ್ಟಬೇಡಿ."

ಊರಿಗೆ ಹೋದಾಗ ಅವಳಿಗೆ ಸಿದ್ದಿ ಸಮುದಾಯದ ಬಗ್ಗೆ ಹೇಳಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡು ಕಡೆ ನೂರಾರು ವರ್ಷದಿಂದ ಇರುವ, ಆಫ್ರಿಕಾ ಮೂಲದ ಕನ್ನಡ ನಾಡಿನ ಜನ. ಶಾಂತಾರಾಮ ಸಿದ್ದಿ ಅವರು 2020ರಲ್ಲಿ ವಿಧಾನ ಪರಿಷತ್ತಿಗೆ ಬಂದಾಗಿನ ಫೋಟೋ ತೋರಿಸಿದೆ. ಅವಳು ಬಹಳ ಹೊತ್ತು ನೋಡಿ, "ಇವರು ಕನ್ನಡ ಮಾತಾಡ್ತಾರಾ?" ಅಂತ ಕೇಳಿದಳು. ಹೂಂ ಅಂದೆ. "ನನಗಿಂತ ಚೆನ್ನಾಗಾ?" ಅಂದಳು.

ಡಾಕ್ಟರ ಹತ್ತಿರ ಯಾವಾಗ

ನೆತ್ತಿಯಲ್ಲಿ ಬಿಳಿ ಪುಡಿ ಕಂಡರೆ ಎಲ್ಲವೂ ಹೊಟ್ಟು ಅಲ್ಲ. ಪುಟ್ಟಿಗೆ ಐದು ವರ್ಷವಿದ್ದಾಗ ಒಂದು ಕಡೆ ಪುಡಿ ಉದುರಿ ಕೂದಲು ತೆಳುವಾಯಿತು. ನಾನು ಒಂದು ತಿಂಗಳು ಎಣ್ಣೆ ತಿಕ್ಕಿದೆ. ಅದು ಹುಳುಕಡ್ಡಿ, ಶಿಲೀಂಧ್ರದ ಸೋಂಕು. ತಲೆಯ ಹುಳುಕಡ್ಡಿಗೆ ಮುಲಾಮು ಸಾಲದು, ವಾರಗಟ್ಟಲೆ ಕುಡಿಯುವ ಔಷಧಿ ಬೇಕು. ಬಾಚಣಿಗೆ, ಟೊಪ್ಪಿ, ದಿಂಬಿನ ಚೀಲ ಎಲ್ಲ ತೊಳೆಯಬೇಕು. ದುಂಡಗೆ ಬೋಳು, ಕೀವು, ಹಣೆಯಂಚು ಹಿಂದೆ ಸರಿಯುವುದು, ಕುತ್ತಿಗೆಯಲ್ಲಿ ಗಂಟು: ಇವಿಷ್ಟರಲ್ಲಿ ಯಾವುದಿದ್ದರೂ ಎಣ್ಣೆ ಬಾಟಲಿ ಕೆಳಗಿಟ್ಟು ಹೊರಡಿ. ಚರ್ಮದ ವೈದ್ಯರಿಗೆ ಕಪ್ಪು ಚರ್ಮ, ಗುಂಗುರು ಕೂದಲು ನೋಡಿ ಅಭ್ಯಾಸ ಇದೆಯೇ ಅಂತ ಮೊದಲೇ ಕೇಳಿ. ಕೇಳಲು ಸಂಕೋಚ ಬೇಡ.

ಮೊಗ್ಗಿನ ಜಡೆ

ಹೋದ ವರ್ಷ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಪುಟ್ಟಿ ಕುಣಿಯಬೇಕಿತ್ತು. ಅಮ್ಮನಿಗೆ ಮೊಗ್ಗಿನ ಜಡೆಯ ಆಸೆ. ಗಾಂಧಿ ಬಜಾರಿನಿಂದ ಬಟ್ಟೆ ಮೊಗ್ಗಿನ ಜಡೆ ತರಿಸಿ ಕಳಿಸಿಯೇ ಬಿಟ್ಟಳು. ಅದು ನೆಟ್ಟನೆಯ, ಉದ್ದನೆಯ ಒಂದು ಜಡೆಗೆ ಮಾಡಿದ್ದು. ಹೇಗೆ ಹೊಂದಿಸಿದೆ ಅಂತ ಹೇಳುತ್ತೇನೆ, ಯಾರಿಗಾದರೂ ಉಪಯೋಗವಾಗಬಹುದು.

ಎರಡು ದಿನ ಮುಂಚೆ ತಲೆ ತೊಳೆದು, ಹಣೆಯಿಂದ ಹಿಂದಕ್ಕೆ ಆರು ಜೋಳದ ಸಾಲು ಹಾಕಿಸಿದೆ, ಸಡಿಲವಾಗಿ. ಹಿಂದೆ ಎಲ್ಲ ತುದಿಗಳನ್ನು ಸೇರಿಸಿ ಒಂದು ಚಿಕ್ಕ ಗಂಟು. ಮೊಗ್ಗಿನ ಜಡೆಯ ಭಾರ ಕೂದಲಿಗೆ ಬೀಳಬಾರದು. ಅದಕ್ಕೆ ಅಗಲವಾದ ಸ್ಯಾಟಿನ್ ಪಟ್ಟಿಯೊಂದನ್ನು ತಲೆಯ ಸುತ್ತ, ಕಿವಿ ಹಿಂದಿನಿಂದ ಕಟ್ಟಿ, ಜಡೆಯ ಮೇಲ್ತುದಿಯನ್ನು ಆ ಪಟ್ಟಿಗೆ ಸೂಜಿದಾರದಲ್ಲಿ ಹೊಲಿದೆ. ಕೆಳತುದಿಯನ್ನು ಬೆನ್ನ ಮೇಲೆ ರವಿಕೆಗೆ ಎರಡು ಪಿನ್ನು ಹಾಕಿ ನಿಲ್ಲಿಸಿದೆ. ಬೈತಲೆ ಬೊಟ್ಟು ಎರಡು ಸಾಲುಗಳ ನಡುವೆ ತಾನೇ ಕೂತಿತು. ಸಾಲುಗಳ ನಡುವಿನ ಗೆರೆಗಳಲ್ಲಿ ಮಲ್ಲಿಗೆ ದಂಡೆ ಎಷ್ಟು ಚೆನ್ನಾಗಿ ನಿಂತಿತೆಂದರೆ, ನನ್ನ ತಲೆಯಲ್ಲಿ ಯಾವತ್ತೂ ಹಾಗೆ ನಿಂತಿಲ್ಲ. ಒಟ್ಟು ಎರಡು ಗಂಟೆಗಿಂತ ಜಾಸ್ತಿ ಹಾಕಿಡಬೇಡಿ.

ವೀಡಿಯೋ ಕಾಲಿನಲ್ಲಿ ಅಮ್ಮ ದೃಷ್ಟಿ ತೆಗೆದಳು. ಅತ್ತೆ ಪಕ್ಕದಲ್ಲಿ ನಿಂತು, ಏನು ಮಾಡುತ್ತಿದ್ದಾರೆ ಅಂತ ಕೇಳಿ, ತಾವೂ ಅದೇ ಥರ ನೆಟಿಗೆ ಮುರಿದರು. ಪುಟ್ಟಿ ಮಾತ್ರ ಕುಣಿತ ಮುಗಿದದ್ದೇ ಕಾರಿನಲ್ಲಿ ಎಲ್ಲ ಬಿಚ್ಚಿಸಿದಳು. ನಾಳೆ ಶಾಲೆಗೆ ನೀಲಿ ಮಣಿ ಬೇಕಂತೆ, ಮೊಗ್ಗು ಸದ್ದು ಮಾಡುವುದಿಲ್ಲವಂತೆ.